ಇಲಿಗೆ ಆಟಿಸಂ ಬರಲ್ಲ ಕಣ್ರೀ

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ದಿನದ ಮೊದಲ ಮೆಸೇಜು ಚಿಕ್ಕಪ್ಪನದ್ದೇ. ಬೆಳಗ್ಗೆ ಆರೂವರೆಗೆ ಒಂದು ಗುಲಾಬಿ ಹೂವು, ಅದರ ಮೇಲೆ ಶುಭೋದಯ. ಅವತ್ತು ಗುಲಾಬಿ ಬರಲಿಲ್ಲ, ಯಾವುದೋ ಸುದ್ದಿಯ ಸ್ಕ್ರೀನ್‌ಶಾಟ್ ಬಂತು. ಬೆಂಗಳೂರಿನ ವಿಜ್ಞಾನಿಗಳು ಆಟಿಸಂಗೆ ಔಷಧ ಕಂಡುಹಿಡಿದೇಬಿಟ್ಟರು ಅನ್ನುವ ಧಾಟಿಯ ತಲೆಬರಹ. ಕೆಳಗೆ ಚಿಕ್ಕಪ್ಪನ ಷರಾ: "ಅತ್ತಿಗೆ, ಇದನ್ನ ನೋಡಿ. ಜಕ್ಕೂರಂತೆ. ನಿಮ್ಮನೆ ಹತ್ರಾನೇ."

ನಾವಿರುವುದು ಯಲಹಂಕ ನ್ಯೂ ಟೌನಿನಲ್ಲಿ. ನಾನು ಕಾಫಿ ಲೋಟ ಹಿಡಿದು ಹಾಲಿಗೆ ಬರುವಷ್ಟರಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ ಮುಗಿಸಿದ್ದಳು. ಬೀರುವಿನಿಂದ ಹಸಿರು ಫೈಲು ಆಚೆ ಬಂದಿತ್ತು. ನನ್ನ ತಮ್ಮನ ಫೈಲು ಅದು. ಅವನಿಗೀಗ ಇಪ್ಪತ್ತಾರು, ಮನೆಯಲ್ಲಿ ಇನ್ನೂ ಪುಟ್ಟ. ಮೂರನೇ ವಯಸ್ಸಿನಿಂದ ಇಲ್ಲಿಯವರೆಗಿನ ಅವನ ಕಾಗದಪತ್ರ ಎಲ್ಲ ಅದರಲ್ಲಿದೆ.

"ಜಕ್ಕೂರು ಅಂದ್ರೆ ಆ ಏರೋಡ್ರಮ್ ಹತ್ರ ತಾನೆ? ಆಟೋದಲ್ಲಿ ಎಷ್ಟು ಹೊತ್ತು? ಫೈಲು ತಗೊಂಡ್ಹೋಗಿ ಒಂದ್ಸಲ ಕೇಳ್ಕೊಂಡು ಬರೋಣ್ವೇನೆ?"

ನಾನು ಸುದ್ದಿ ಓದಿದೆ. ನಾಲ್ಕನೇ ಪ್ಯಾರಾದಲ್ಲಿ ಸಿಕ್ಕಿತು ಆ ಪದ. "ಅಮ್ಮ, ಇದು ಇಲಿಗೆ."

"ಇಲಿಗಾ?"

"ಹೂಂ. ಇಲಿ ಮೇಲೆ ಮಾಡಿರೋ ಪ್ರಯೋಗ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಇಲಿಗೂ ಆಟಿಸಂ ಬರತ್ತೇನೆ?"

ನನಗೆ ಗೊತ್ತಿರುವ ಮಟ್ಟಿಗೆ ಈ ವಿಷಯದಲ್ಲಿ ಯಾರೂ ಕೇಳಿರುವ ಅತ್ಯಂತ ಸರಿಯಾದ ಪ್ರಶ್ನೆ ಇದು. ಎಸ್ಸೆಸ್ಸೆಲ್ಸಿವರೆಗೆ ಓದಿದ ಅಮ್ಮ ಕೇಳಿದ್ದನ್ನು ತಲೆಬರಹ ಕೊಟ್ಟವರು ಕೇಳಿಕೊಂಡಿರಲಿಲ್ಲ. ಈ ಬರಹ ಅಮ್ಮನಿಗೆ ನಾನು ಕೊಡಬೇಕಿದ್ದ ಉತ್ತರ. ಕೊನೆಯಲ್ಲಿ ಒಂದಿಷ್ಟು ಜಗಳವೂ ಇದೆ.

ಮೊದಲು ಸತ್ಯ ಏನು ಅಂತ ನೋಡೋಣ. ಸುದ್ದಿ ಸುಳ್ಳಲ್ಲ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ, 1989ರಲ್ಲಿ ಶುರುವಾದದ್ದು. ಅಲ್ಲಿ ಜೇಮ್ಸ್ ಕ್ಲೆಮೆಂಟ್ ಎಂಬ ನರವಿಜ್ಞಾನಿ ಸಿನ್‌ಗ್ಯಾಪ್1 ಎಂಬ ಜೀನಿನ ಬಗ್ಗೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ನಮ್ಮ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಮಾತು ದಾಟಿಸುವ ಜಾಗಕ್ಕೆ ಸಿನಾಪ್ಸ್ ಅಂತಾರೆ. ಈ ಜೀನು ಕೊಡುವ ಪ್ರೋಟೀನು ಅಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. ನಮಗೆಲ್ಲ ಆ ಜೀನಿನ ಎರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ಒಂದು ಪ್ರತಿ ಕೆಟ್ಟರೆ ಬ್ರೇಕು ಅರ್ಧಕ್ಕಿಳಿಯುತ್ತದೆ. ಅಂಥ ಮಕ್ಕಳಿಗೆ ಬೌದ್ಧಿಕ ವಿಕಲತೆ ಇರುತ್ತದೆ, ಬಹುಪಾಲು ಮಕ್ಕಳಿಗೆ ಫಿಟ್ಸ್ ಬರುತ್ತದೆ, ಅನೇಕರಲ್ಲಿ ಆಟಿಸಂ ಲಕ್ಷಣಗಳೂ ಕಾಣುತ್ತವೆ. ಮನುಷ್ಯರಲ್ಲಿ ಇದು ವರದಿಯಾದದ್ದು 2009ರಲ್ಲಿ.

ಇಲಿಯಲ್ಲೂ ಅದೇ ಜೀನಿನ ಒಂದು ಪ್ರತಿಯನ್ನು ಕೆಡಿಸಬಹುದು. ಎರಡೂ ಕೆಟ್ಟರೆ ಮರಿ ಹುಟ್ಟಿದ ವಾರದೊಳಗೆ ಸಾಯುತ್ತದೆ, ಒಂದೇ ಕೆಟ್ಟರೆ ಬದುಕುತ್ತದೆ. ಕ್ಲೆಮೆಂಟ್ ಅಮೆರಿಕದಲ್ಲಿದ್ದಾಗ 2012ರಲ್ಲಿ ಸಹೋದ್ಯೋಗಿಗಳ ಜೊತೆ ತೋರಿಸಿದ್ದು ಇದನ್ನೇ: ಅಂಥ ಇಲಿಮರಿಯ ಮಿದುಳಿನಲ್ಲಿ ಸಿನಾಪ್ಸುಗಳು ಕಾಲಕ್ಕೆ ಮುಂಚೆಯೇ ಬಲಿತುಬಿಡುತ್ತವೆ. ಕಾಯಿ ಬಲಿಯುವ ಮೊದಲೇ ಹಣ್ಣಿನ ಬಣ್ಣ ಬಂದ ಹಾಗೆ. ಆಮೇಲೆ ಜಕ್ಕೂರಿನ ತಂಡ 6ಬಯೋ ಎಂಬ ಸಂಯುಕ್ತವನ್ನು ಹರೆಯಕ್ಕೆ ಕಾಲಿಡುತ್ತಿದ್ದ ಸಿನ್‌ಗ್ಯಾಪ್1 ಇಲಿಗಳಿಗೆ ಕೊಟ್ಟು ನೋಡಿತು. ಸಿನಾಪ್ಸಿನ ಕೆಲಸವೂ ನಡವಳಿಕೆಯೂ ಸುಧಾರಿಸಿದವು ಅಂತ ವರದಿ ಮಾಡಿತು. ಮರಿಯಾಗಿದ್ದಾಗಲೇ ಕೊಡಬೇಕಿಲ್ಲ, ಸ್ವಲ್ಪ ತಡವಾದರೂ ಪ್ರಯೋಜನ ಇರಬಹುದು ಅನ್ನುವುದು ಅದರ ಮುಖ್ಯ ಅಂಶ. ಇದು ಒಳ್ಳೆಯ ಕೆಲಸ, ಗಟ್ಟಿ ಕೆಲಸ. ನಮ್ಮ ಏರಿಯಾದಲ್ಲಿ ನಡೆದಿದೆ ಅಂತ ನನಗೆ ಹೆಮ್ಮೆಯೂ ಇದೆ.

ಆದರೆ ಇದರಲ್ಲಿ "ಆಟಿಸಂ ವಾಸಿಯಾಯಿತು" ಎಲ್ಲಿದೆ?

ಆಟಿಸಂ ಜೊತೆ ಗಟ್ಟಿ ನಂಟಿರುವ ಜೀನುಗಳು ನೂರಕ್ಕೂ ಹೆಚ್ಚಿವೆ. 2020ರ ಒಂದು ದೊಡ್ಡ ಅಧ್ಯಯನ 102 ಜೀನುಗಳನ್ನು ಪಟ್ಟಿ ಮಾಡಿತು. ಸಿನ್‌ಗ್ಯಾಪ್1 ಅದರಲ್ಲೊಂದು. ಆಟಿಸಂ ಇರುವ ಬಹುಪಾಲು ಜನರಲ್ಲಿ 'ಇದೇ ಕೆಟ್ಟ ಜೀನು' ಅಂತ ಬೆರಳಿಟ್ಟು ತೋರಿಸಲು ಯಾವುದೂ ಸಿಗುವುದಿಲ್ಲ. ಪುಟ್ಟನಿಗೂ ಸಿಕ್ಕಿಲ್ಲ. ಅಂದಮೇಲೆ ಆ ಇಲಿ ನನ್ನ ತಮ್ಮನ ಪ್ರತಿನಿಧಿ ಅಲ್ಲ. ಬೇರೆ ಯಾವುದೋ ಊರಿನ, ಬೇರೆ ಯಾವುದೋ ಮಗುವಿನ ಸಾವಿರ ಸಂಗತಿಗಳಲ್ಲಿ ಒಂದರ ಪ್ರತಿನಿಧಿ.

ಇನ್ನು ನಡವಳಿಕೆಯ ವಿಷಯ. ಇಲ್ಲೇ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣಪತ್ರ ಬೇಕಾದರೆ ಐಎಸ್‌ಎಎ ಅನ್ನುವ ಮಾಪನ ಇದೆ. 40 ಅಂಶಗಳು. ಮಾತು, ಭಾವನೆ, ಜನರ ಜೊತೆಗಿನ ಒಡನಾಟ, ಶಬ್ದ-ಬೆಳಕು-ಸ್ಪರ್ಶಕ್ಕೆ ಪ್ರತಿಕ್ರಿಯೆ, ಹೀಗೆ. ಪುಟ್ಟನ ಯುಡಿಐಡಿ ಕಾರ್ಡಿಗೆ ಅಮ್ಮ ಅದಕ್ಕೆಲ್ಲ ಉತ್ತರ ಹೇಳಿ ಬಂದಿದ್ದಾಳೆ. ಇಲಿಯನ್ನು ಹಾಗೆ ಕೇಳಲಾಗದು. ಅದಕ್ಕೇ ಬೇರೆ ಪರೀಕ್ಷೆಗಳಿವೆ. ಒಂದು ಮೂರು ಕೋಣೆಯ ಪೆಟ್ಟಿಗೆ. ನಡುವಿನ ಕೋಣೆಯಲ್ಲಿ ನಮ್ಮ ಇಲಿ. ಒಂದು ಪಕ್ಕದ ಕೋಣೆಯಲ್ಲಿ ತಂತಿ ಬುಟ್ಟಿಯೊಳಗೆ ಗುರುತಿಲ್ಲದ ಇನ್ನೊಂದು ಇಲಿ, ಮತ್ತೊಂದು ಪಕ್ಕದಲ್ಲಿ ಖಾಲಿ ಬುಟ್ಟಿ. ಹತ್ತು ನಿಮಿಷ ಬಿಟ್ಟು, ಎಲ್ಲಿ ಎಷ್ಟು ಹೊತ್ತು ಕಳೆಯಿತು ಅಂತ ಲೆಕ್ಕ. ಗುರುತಿಲ್ಲದ ಇಲಿಯ ಹತ್ತಿರ ಹೆಚ್ಚು ಹೊತ್ತು ಇರದಿದ್ದರೆ 'ಸಾಮಾಜಿಕ ಕೊರತೆ'. ಇನ್ನೊಂದು ಪರೀಕ್ಷೆಯಲ್ಲಿ ಮರದ ಹೊಟ್ಟಿನ ಮೇಲೆ ಗೋಲಿಗಳನ್ನು ಸಾಲಾಗಿ ಇಡುತ್ತಾರೆ, ಎಷ್ಟನ್ನು ಹೂತಿತು ಅಂತ ಎಣಿಸುತ್ತಾರೆ. ಜಾಸ್ತಿ ಹೂತರೆ 'ಪುನರಾವರ್ತಿತ ನಡವಳಿಕೆ'. ಮೈ ಜಾಸ್ತಿ ನೆಕ್ಕಿಕೊಂಡರೂ ಅದೇ.

ಸ್ವಾಮಿ, ಶನಿವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಗೆಟ್-ಟುಗೆದರ್ ಅಂದಾಗ ನಾನು ಓಡುವುದು ಖಾಲಿ ಬುಟ್ಟಿಯ ಕೋಣೆಗೇ. ವಾರವಿಡೀ ಮಾನ್ಯತಾದಲ್ಲಿ ಮೀಟಿಂಗ್ ಮುಗಿಸಿ, ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಗಂಟೆ ನಿಂತು ಬಂದ ಯಾರಾದರೂ ಅಲ್ಲಿಗೇ ಓಡುತ್ತಾರೆ. ಆ ಪೆಟ್ಟಿಗೆ ಎಲ್ಲಿಗೆ ಹೋದೆ ಅನ್ನುವುದನ್ನು ಅಳೆಯುತ್ತದೆ, ಯಾಕೆ ಹೋದೆ ಅನ್ನುವುದನ್ನು ಅಳೆಯುವುದಿಲ್ಲ.

ಪುಟ್ಟ ಏನು ಮಾಡುತ್ತಾನೆ ಹೇಳಲಾ? ಮನೆಗೆ ನೆಂಟರು ಬಂದರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಪರೀಕ್ಷೆಯ ಪ್ರಕಾರ ಅಲ್ಲಿಗೆ ಮುಗಿಯಿತು. ಆದರೆ ಹತ್ತು ನಿಮಿಷ ಬಿಟ್ಟು ಆಚೆ ಬಂದು, ಬಾಗಿಲ ಬಳಿ ಚೆಲ್ಲಾಪಿಲ್ಲಿ ಬಿದ್ದಿರುವ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ, ಹೊರಡುವಾಗ ಕಾಲಿಗೆ ಸಿಗುವ ಹಾಗೆ ತಿರುಗಿಸಿ ಇಡುತ್ತಾನೆ. ಯಾರ ಮುಖವನ್ನೂ ನೋಡುವುದಿಲ್ಲ. ಯಾರ ಚಪ್ಪಲಿ ಯಾವುದು ಅಂತ ಮಾತ್ರ ಗೊತ್ತು. ನನ್ನ ಅತ್ತೆ ಕುಂಟುತ್ತಾ ನಡೆಯುತ್ತಾರೆ, ಅವರ ಚಪ್ಪಲಿಯನ್ನು ಗೋಡೆಗೆ ಹತ್ತಿರ ಇಡುತ್ತಾನೆ, ಹಿಡಿದುಕೊಳ್ಳಲಿ ಅಂತ. ಇದಕ್ಕೆ 'ಸಾಮಾಜಿಕ ಕೊರತೆ' ಅನ್ನಬೇಕೋ, 'ಪುನರಾವರ್ತಿತ ನಡವಳಿಕೆ' ಅನ್ನಬೇಕೋ? ಗೋಲಿ ಎಣಿಸುವ ಯಾವ ಪರೀಕ್ಷೆಯಲ್ಲಿ ಇದು ಸಿಗುತ್ತದೆ?

ಹಾಗಾದರೆ ಇಲಿ ಸಂಶೋಧನೆ ದಂಡ, ನಿಲ್ಲಿಸಿ ಅಂತ ನಾನು ಹೇಳುತ್ತಿದ್ದೇನೆಯೇ? ಇಲ್ಲ. ಇಲ್ಲಿಂದ ಮುಂದೆ ಸ್ವಲ್ಪ ಗಮನ ಕೊಟ್ಟು ಓದಿ. ನಮ್ಮ ರಸ್ತೆಯ ಇಲಿಯೊಂದು ಹೇಳಿದ ಒಂದು ದೊಡ್ಡ ಮಾತು ಯಾರ ವಾಟ್ಸಾಪಿಗೂ ಬರಲಿಲ್ಲ.

ಫ್ರಾಜೈಲ್ ಎಕ್ಸ್ ಅಂತ ಒಂದು ಸ್ಥಿತಿ ಇದೆ. ವಂಶದಿಂದ ಬರುವ ಬೌದ್ಧಿಕ ವಿಕಲತೆಗಳಲ್ಲಿ ಅತಿ ಸಾಮಾನ್ಯವಾದದ್ದು, ಆಟಿಸಂಗೆ ಗೊತ್ತಿರುವ ಒಂಟಿ-ಜೀನ್ ಕಾರಣಗಳಲ್ಲೂ ಮುಂಚೂಣಿಯಲ್ಲಿರುವುದು. ಜೀನು ಪತ್ತೆಯಾದದ್ದು 1991ರಲ್ಲಿ, ಅದೇ ಜೀನನ್ನು ತೆಗೆದುಹಾಕಿದ ಇಲಿ ತಯಾರಾದದ್ದು 1994ರಲ್ಲಿ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದೊಳಗಿನ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ಪ್ರಯೋಗಾಲಯ ಈ ಇಲಿಗಳ ಮೇಲೆ ಕೆಲಸ ಮಾಡಿತು. 2007ರಲ್ಲಿ ಅವರು, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್, ಎಂಐಟಿಯ ಸುಸುಮು ಟೊನೆಗಾವ ಮತ್ತು ಇತರರು ಸೇರಿ, ಪ್ಯಾಕ್ ಎಂಬ ಕಿಣ್ವವನ್ನು ತಗ್ಗಿಸಿದರೆ ಈ ಇಲಿಗಳ ಕೆಲವು ತೊಂದರೆಗಳು ಸರಿಹೋಗುತ್ತವೆ ಎಂದು ತೋರಿಸಿದರು. ಅದೇ ವರ್ಷ ಎಂಐಟಿಯಲ್ಲೇ ಮಾರ್ಕ್ ಬೇರ್ ತಂಡ ಎಂಗ್ಲುಆರ್5 ಎಂಬ ಗ್ರಾಹಕವನ್ನು ಅರ್ಧಕ್ಕೆ ಇಳಿಸಿದರೆ ಈ ಇಲಿಗಳು ಬಹುಮಟ್ಟಿಗೆ ಸುಧಾರಿಸುತ್ತವೆ ಎಂದು ತೋರಿಸಿತು. ಜಗತ್ತು ಕುಣಿದಾಡಿತು. ಔಷಧ ಕಂಪನಿಗಳು ಸಾಲುಗಟ್ಟಿ ನಿಂತವು.

2010ರಲ್ಲಿ ಚಟರ್ಜಿ ಅವರ ಪ್ರಯೋಗಾಲಯ ಇನ್ನೊಂದು ಪ್ರಬಂಧ ಪ್ರಕಟಿಸಿತು. ಎಲ್ಲರೂ ನೆನಪಿನ ಜಾಗವಾದ ಹಿಪ್ಪೊಕ್ಯಾಂಪಸ್ ನೋಡುತ್ತಿದ್ದಾಗ ಇವರು ಭಯ-ಭಾವನೆಗಳ ಜಾಗವಾದ ಅಮಿಗ್ಡಲಾ ನೋಡಿದರು. ಅಲ್ಲಿ ಕಂಡದ್ದು ಬೇರೆಯದೇ ಚಿತ್ರ. ಹಿಪ್ಪೊಕ್ಯಾಂಪಸ್‌ನಲ್ಲಿ ಸಿನಾಪ್ಸುಗಳು ದುರ್ಬಲಗೊಳ್ಳುವ ಪ್ರಕ್ರಿಯೆ ಅತಿಯಾಗಿತ್ತು. ಅಮಿಗ್ಡಲಾದಲ್ಲಿ ಅವು ಬಲಗೊಳ್ಳುವ ಪ್ರಕ್ರಿಯೆಯೇ ಕುಂಠಿತವಾಗಿತ್ತು. ಎಂಗ್ಲುಆರ್5 ತಡೆಯುವ ಔಷಧ ಹಾಕಿದಾಗ ಅಮಿಗ್ಡಲಾದ ಒಂದು ತೊಂದರೆ ಸರಿಹೋಯಿತು, ಇನ್ನೊಂದು ಹೋಗಲಿಲ್ಲ.

ಸಾದಾ ಕನ್ನಡದಲ್ಲಿ ಹೇಳುವುದಾದರೆ, ಒಂದೇ ಇಲಿ, ಒಂದೇ ಕೆಟ್ಟ ಜೀನು, ಆದರೆ ಮಿದುಳಿನ ಎರಡು ಓಣಿಗಳಲ್ಲಿ ಎರಡು ಬೇರೆ ತೊಂದರೆ. ಒಂದೇ ಬೀಗದ ಕೈ ಎರಡಕ್ಕೂ ಸಾಲದು. ಆಮೇಲೇನಾಯಿತು? ಅರ್ಬಾಕ್ಲೋಫೆನ್ ಎಂಬ ಇನ್ನೊಂದು ದಾರಿಯ ಔಷಧ 2013ರಲ್ಲಿ ನಿಂತಿತು. ಎಂಗ್ಲುಆರ್5 ತಡೆಯುವ ಮಾವೋಗ್ಲುರಾಂಟ್‌ಅನ್ನು ನೊವಾರ್ಟಿಸ್ 2014ರಲ್ಲಿ ಫ್ರಾಜೈಲ್ ಎಕ್ಸ್‌ಗೆ ಕೈಬಿಟ್ಟಿತು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ವಯಸ್ಕರಲ್ಲೂ ಹದಿಹರೆಯದವರಲ್ಲೂ ಆ ಮಾತ್ರೆ ಮತ್ತು ಬರೀ ಹಿಟ್ಟಿನ ಮಾತ್ರೆ ನಡುವೆ ವ್ಯತ್ಯಾಸ ಕಾಣಲಿಲ್ಲ. ರೋಶ್ ಕಂಪನಿಯ ಇದೇ ಜಾತಿಯ ಔಷಧವೂ ಮೇಲೇಳಲಿಲ್ಲ. ಬ್ಯುಮೆಟನೈಡ್ ಅಂತ ಮೂತ್ರ ಹೆಚ್ಚಿಸುವ ಹಳೇ ಮಾತ್ರೆ, 2014ರಲ್ಲಿ ಇಲಿ-ಹೆಗ್ಗಣಗಳಲ್ಲಿ ಭರವಸೆ ಹುಟ್ಟಿಸಿತ್ತು. ಮಕ್ಕಳ ಮೇಲಿನ ದೊಡ್ಡ ಪ್ರಯೋಗಗಳು 2021ರಲ್ಲಿ ಪರಿಣಾಮ ಕಾಣದೆ ನಿಂತವು.

ಅಮಿಗ್ಡಲಾದಲ್ಲಿ ಕಂಡದ್ದರಿಂದಲೇ ಆ ಔಷಧ ಸೋತಿತು ಅಂತ ನಾನು ಹೇಳುತ್ತಿಲ್ಲ. ಸೋಲಿಗೆ ಹತ್ತು ಕಾರಣ ಇರಬಹುದು: ವಯಸ್ಸು, ಡೋಸು, ಅಳೆಯುವ ರೀತಿ. ನಾನು ಹೇಳುವುದು ಇಷ್ಟೇ. ಬಳ್ಳಾರಿ ರಸ್ತೆಯ ಇಲಿ 'ಸ್ವಲ್ಪ ತಡೀರಿ, ವಿಷಯ ಅಷ್ಟು ಸರಳ ಇಲ್ಲ' ಅಂದಿತ್ತು. ಇಲಿ ಪ್ರಾಮಾಣಿಕವಾಗಿತ್ತು. ಇಲಿಯ ಹತ್ತಿರ ಕೇಳಬಾರದ ಪ್ರಶ್ನೆ ಕೇಳಿದವರು ನಾವು.

ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಸ್ಟೇಜಿಂಗ್‌ನಲ್ಲಿ ಓಡಿದ ಕೋಡು ಪ್ರೊಡಕ್ಷನ್‌ನಲ್ಲಿ ಬೀಳುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಹಾಗಂತ ಸ್ಟೇಜಿಂಗ್ ಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಸ್ಟೇಜಿಂಗ್‌ನಲ್ಲಿ ಪಾಸಾದ ತಕ್ಷಣ ಕಸ್ಟಮರಿಗೆ 'ರಿಲೀಸ್ ಆಯ್ತು' ಅಂತ ಮೇಲ್ ಕಳಿಸಿದರೆ ಆ ಮ್ಯಾನೇಜರನ್ನು ಏನು ಮಾಡುತ್ತೀರಿ? ಇಲ್ಲಿ ಸ್ಟೇಜಿಂಗಿಗೂ ಪ್ರೊಡಕ್ಷನ್ನಿಗೂ ನಡುವೆ ಸುಮಾರು ಎಂಟು ಕೋಟಿ ವರ್ಷಗಳ ಅಂತರ ಇದೆ. ಇಲಿಯ ಮತ್ತು ನಮ್ಮ ವಂಶ ಕವಲೊಡೆದು ಅಷ್ಟು ಕಾಲವಾಯಿತು. ಕಸ್ಟಮರು ಯಾರು ಅಂದರೆ ಹಸಿರು ಫೈಲು ಹಿಡಿದು ಕೂತಿರುವ ನನ್ನ ಅಮ್ಮ.

ಈ ತಲೆಬರಹಗಳಿಂದ ಯಾರಿಗೇನು ನಷ್ಟ, ಒಂದು ದಿನದ ಖುಷಿ ತಾನೆ ಅಂತ ನೀವು ಕೇಳಬಹುದು. ನಷ್ಟದ ಲೆಕ್ಕ ನಮ್ಮ ಮನೆಯಲ್ಲಿದೆ.

ಪುಟ್ಟನಿಗೆ ಹದಿನಾಲ್ಕಿದ್ದಾಗ ಅಪ್ಪ ಅವನನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಸ್ಟೆಮ್ ಸೆಲ್ ಚಿಕಿತ್ಸೆ. ಬಣ್ಣದ ಬ್ರೋಷರು ಕೊಟ್ಟರು. ಅದರ ಮೂರನೇ ಪುಟದಲ್ಲಿ ಬಿಳಿ ಇಲಿಯ ಚಿತ್ರ, ಪಕ್ಕದಲ್ಲಿ ಮಿದುಳಿನ ಕೆಂಪು-ಹಳದಿ ಸ್ಕ್ಯಾನು, ಕೆಳಗೆ 'ಪ್ರಾಣಿಗಳ ಮೇಲಿನ ಸಂಶೋಧನೆಯಲ್ಲಿ ಸಾಬೀತಾಗಿದೆ' ಅನ್ನುವ ಅರ್ಥದ ಮಾತು. ಅಪ್ಪ ಪಿಎಫ್‌ನಿಂದ ದುಡ್ಡು ತೆಗೆದರು. ಪುಟ್ಟ ಮೂರು ಸಲ ಸೂಜಿ ಚುಚ್ಚಿಸಿಕೊಂಡ. ಬೆನ್ನಿಗೆ. ಅವನಿಗೆ ಕುಕ್ಕರ್ ಸೀಟಿ ಕೇಳಿದರೇ ಕಿವಿ ಮುಚ್ಚಿಕೊಳ್ಳುವಷ್ಟು ಸಂಕಟ. ಅಮ್ಮ ಅದಕ್ಕೇ ಇವತ್ತಿಗೂ ಪಾತ್ರೆಯಲ್ಲೇ ಅನ್ನ ಮಾಡುತ್ತಾಳೆ. ಅಂಥವನನ್ನು ನಾಲ್ಕು ಜನ ಹಿಡಿದುಕೊಂಡಿದ್ದರು. ಮನೆಗೆ ಬಂದಮೇಲೆ ಒಂದು ತಿಂಗಳು ಅವನು ಅಪ್ಪನ ಹತ್ತಿರ ಹೋಗಲಿಲ್ಲ. 'ಸ್ವಲ್ಪ ಇಂಪ್ರೂವ್ ಆಗಿದಾನೆ ಅಲ್ವಾ' ಅಂತ ಅಪ್ಪ ಎಲ್ಲರನ್ನೂ ಕೇಳುತ್ತಿದ್ದರು. ನಾವೂ ಹೌದು ಅನ್ನುತ್ತಿದ್ದೆವು. ಏನೂ ಆಗಿರಲಿಲ್ಲ.

ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ, ಹಾಗೆ ಕೊಡುವುದು ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ನಮಗೆ ಅದು ತಡವಾಗಿ ಬಂತು.

ನಾವು ಸುಳ್ಳು 'ಹೌದು' ಹೇಳಿದ್ದು ನಮ್ಮ ಮನೆಯ ದೌರ್ಬಲ್ಯ ಮಾತ್ರ ಅಲ್ಲ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಫ್ರಾಜೈಲ್ ಎಕ್ಸ್ ಪ್ರಯೋಗಗಳಲ್ಲಿ ಹಿಟ್ಟಿನ ಮಾತ್ರೆ ತಿಂದವರ ಅಪ್ಪ-ಅಮ್ಮಂದಿರೂ ಸುಧಾರಣೆ ಕಂಡಿದೆ ಅಂತ ಪ್ರಶ್ನಾವಳಿ ತುಂಬಿದ್ದರು. ಆಸೆ ಅಷ್ಟು ಬಲವಾದದ್ದು. ಇಲಿಯ ಅಮ್ಮ ಪ್ರಶ್ನಾವಳಿ ತುಂಬುವುದಿಲ್ಲ. ಇಲಿಗೂ ಮನುಷ್ಯರಿಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಅದೂ ಒಂದು.

ಆದ್ದರಿಂದ ಉತ್ಪ್ರೇಕ್ಷೆಯ ತಲೆಬರಹ ನಿರುಪದ್ರವಿ ಅಲ್ಲ. ಇವತ್ತಿನ ತಲೆಬರಹ ನಾಳೆಯ ಬ್ರೋಷರಿನ ಕಚ್ಚಾ ಮಾಲು. ವಿಜ್ಞಾನಿ ಎಚ್ಚರದಿಂದ 'ಪ್ರಾಣಿ ಮಾದರಿಯಲ್ಲಿ' ಅಂತ ಬರೆದಿರುತ್ತಾರೆ. ಪ್ರಕಟಣೆಯಲ್ಲಿ ಅದು ಮೂರನೇ ಸಾಲಿಗೆ ಇಳಿಯುತ್ತದೆ, ಸುದ್ದಿಯಲ್ಲಿ ನಾಲ್ಕನೇ ಪ್ಯಾರಾಕ್ಕೆ, ಚಿಕ್ಕಪ್ಪನ ಸ್ಕ್ರೀನ್‌ಶಾಟಿನಲ್ಲಿ ಪೂರ್ತಿ ಉದುರಿಹೋಗುತ್ತದೆ.

ಜಿಕೆವಿಕೆ ಕಡೆ ಪಿಎಚ್‌ಡಿ ಮಾಡಿದ ನನ್ನ ಗೆಳತಿಯೊಬ್ಬಳು ಇದನ್ನು ಒಪ್ಪುವುದಿಲ್ಲ. "ನೀನು ಹೇಳಿದ ಹಾಗೆ 'ಒಂದು ಜೀನು ಕೆಟ್ಟ ಇಲಿಯ ಒಂದು ಸಿನಾಪ್ಸ್' ಅಂತ ಬರೆದ್ರೆ ಯಾರೂ ಓದಲ್ಲ, ದುಡ್ಡೂ ಬರಲ್ಲ ಕಣೇ. ಮತ್ತೆ ರೆಟ್ ಸಿಂಡ್ರೋಮ್ ನೋಡು" ಅನ್ನುತ್ತಾಳೆ. ರೆಟ್ ವಿಷಯದಲ್ಲಿ ಅವಳ ಮಾತು ನಿಜ. ಎಡಿನ್‌ಬರೋದ ಏಡ್ರಿಯನ್ ಬರ್ಡ್ ತಂಡ 2007ರಲ್ಲಿ, ಕೆಟ್ಟ ಜೀನನ್ನು ದೊಡ್ಡ ಇಲಿಯಲ್ಲೂ ಮತ್ತೆ ಚಾಲೂ ಮಾಡಿದರೆ ಲಕ್ಷಣಗಳು ಹಿಂದಕ್ಕೆ ಹೋಗುತ್ತವೆ ಎಂದು ತೋರಿಸಿತು. ಒಮ್ಮೆ ಹಾಳಾದ ಮಿದುಳು ಹಾಳೇ ಅನ್ನುವ ನಂಬಿಕೆಯನ್ನು ಅದು ಅಲುಗಾಡಿಸಿತು. ಇಲಿಗಳಲ್ಲಿ ಬೇರೆಯದೇ ದಾರಿಯಲ್ಲಿ ನಡೆದ ಕೆಲಸದ ಬೆನ್ನಿಗೆ ಬಂದ ಟ್ರೋಫಿನೆಟೈಡ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ವಾಸಿ ಮಾಡುವುದಿಲ್ಲ, ಆದರೆ ಒಂದಿಷ್ಟು ನೆರವಾಗುತ್ತದೆ. ಇಲಿ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ.

ಆದರೆ ಗೆಳತಿಯ ಉದಾಹರಣೆಯೇ ನನ್ನ ಮಾತಿಗೆ ಸಾಕ್ಷಿ. ರೆಟ್‌ನಲ್ಲಿ ಇಲಿ ಕೆಲಸಕ್ಕೆ ಬಂದದ್ದು ಕೇಳಿದ ಪ್ರಶ್ನೆ ಚಿಕ್ಕದಾಗಿದ್ದರಿಂದ: ಒಂದು ಜೀನು, ಒಂದು ಕಾಯಿಲೆ, ಉಸಿರಾಟ-ನಡಿಗೆಯಂಥ ಕಣ್ಣಿಗೆ ಕಾಣುವ ಲಕ್ಷಣ. ಯಾರೂ ಅದನ್ನು 'ಆಟಿಸಂ ಇಲಿ' ಅಂತ ಮಾರಬೇಕಾಗಿರಲಿಲ್ಲ. ಪ್ರಶ್ನೆ ಚಿಕ್ಕದಾದಷ್ಟೂ ಇಲಿಯ ಉತ್ತರ ದೊಡ್ಡದು.

ಇನ್ನು ಇಲಿಯ ಪರವಾಗಿ ಮಾತಾಡುವವರು. ಅವರ ಸಂಕಟವನ್ನು ನಾನು ಹಗುರ ಮಾಡುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಸಮಿತಿ ಇದೆ, ಪ್ರತಿ ಸಂಸ್ಥೆಯಲ್ಲೂ ಹೊರಗಿನವರೂ ಇರುವ ನೈತಿಕ ಸಮಿತಿ ಇದೆ, ಬೇರೆ ದಾರಿ ಇದ್ದರೆ ಪ್ರಾಣಿ ಬಳಸಬೇಡಿ, ಬಳಸಿದರೆ ಕಡಿಮೆ ಬಳಸಿ, ನೋವು ತಗ್ಗಿಸಿ ಅನ್ನುವ ನಿಯಮ ಇದೆ. ಅದರ ಮೇಲೆ ನನ್ನದೊಂದು ಮಾತು. ಆ ಇಲಿಯ ಜೀನು ಕೆಡಿಸಿದ್ದು ನಾವು. ಅದರ ಮಿದುಳನ್ನು ಕೊನೆಗೆ ತೆಳ್ಳಗೆ ಸೀಳಿ ನೋಡುವವರೂ ನಾವೇ. ಅದಕ್ಕೆ ನಾವು ತೀರಿಸಬೇಕಾದ ಋಣ ಒಂದೇ. ಅದು ಹೇಳಿದ್ದನ್ನು ಹೇಳಿದಷ್ಟೇ ಹೇಳುವುದು. ಹೇಳದ್ದನ್ನು ಅದರ ಬಾಯಲ್ಲಿ ತುರುಕಿದರೆ ಎರಡು ಸಲ ಕೊಂದ ಹಾಗೆ.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆ ನಾಲ್ಕೇ.

ಒಂದು, ತಲೆಬರಹದಲ್ಲೇ 'ಇಲಿಗಳಲ್ಲಿ' ಅನ್ನುವ ಪದ ಇರಲಿ. 2019ರಲ್ಲಿ ಜೇಮ್ಸ್ ಹೆದರ್ಸ್ ಎಂಬ ವಿಜ್ಞಾನಿ ಟ್ವಿಟರ್‌ನಲ್ಲಿ ಒಂದು ಖಾತೆ ತೆರೆದು, ಇಂಥ ಸುದ್ದಿಗಳಿಗೆಲ್ಲ 'ಇನ್ ಮೈಸ್' ಅಂತಷ್ಟೇ ಸೇರಿಸಿ ಹಾಕತೊಡಗಿದ. ಜಗತ್ತೆಲ್ಲ ನಕ್ಕಿತು. ಕನ್ನಡದಲ್ಲಿ ಅದು ಒಂದೇ ಪದ, ಜಾಗ ಇಲ್ಲ ಅನ್ನುವ ನೆಪ ಬೇಡ.

ಎರಡು, 'ಆಟಿಸಂ ಇಲಿ' ಅನ್ನುವುದನ್ನು ಬಿಡಿ. ಸಿನ್‌ಗ್ಯಾಪ್1 ಇಲಿ, ಫ್ರಾಜೈಲ್ ಎಕ್ಸ್ ಇಲಿ ಅನ್ನಿ. ಆಟಿಸಂ ಅನ್ನುವುದು ಮನುಷ್ಯರ ನಡುವೆ ಬದುಕುವ ಮನುಷ್ಯನ ಸ್ಥಿತಿ. ಅರ್ಧ ಅವನಲ್ಲಿದೆ, ಇನ್ನರ್ಧ ಅವನ ಸುತ್ತಲಿನ ನಮ್ಮಲ್ಲಿದೆ. ಆ ಇನ್ನರ್ಧವನ್ನು ಪಂಜರದೊಳಗೆ ಇಡಲಾಗದು.

ಮೂರು, ಸೋತ ಪ್ರಯೋಗಗಳೂ ಗೆದ್ದವುಗಳಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ. ಮಾವೋಗ್ಲುರಾಂಟ್ ಸೋತ ಸುದ್ದಿ ಯಾವ ಚಿಕ್ಕಪ್ಪನೂ ಫಾರ್ವರ್ಡ್ ಮಾಡಲಿಲ್ಲ.

ನಾಲ್ಕು, ಏನನ್ನು ಅಳೆಯಬೇಕು ಅಂತ ಒಂದು ಸಲ ನಮ್ಮನ್ನೂ ಕೇಳಿ. ನಮ್ಮಮ್ಮನಿಗೆ ಪುಟ್ಟ ಅಪರಿಚಿತರ ಹತ್ತಿರ ಹೋಗಿ ಕೂರುವುದು ಬೇಕಿಲ್ಲ. ಅವನು ರಾತ್ರಿ ಐದು ಗಂಟೆ ಒಂದೇ ಸಮ ಮಲಗಬೇಕು. ಹಲ್ಲುನೋವು ಬಂದರೆ ಬಂದಿದೆ ಅಂತ ಹೇಳಲು ಬರಬೇಕು. ಫಿಟ್ಸ್ ಇರುವ ಮಕ್ಕಳ ತಾಯಂದಿರನ್ನು ಕೇಳಿದರೆ ಫಿಟ್ಸ್ ನಿಂತರೆ ಸಾಕು ಅನ್ನುತ್ತಾರೆ. ಅಚ್ಚರಿ ಏನು ಗೊತ್ತಾ, ನಿದ್ರೆ, ಫಿಟ್ಸ್, ನೋವು ಇವನ್ನು ಇಲಿಯಲ್ಲಿ ಗೋಲಿ ಎಣಿಸುವುದಕ್ಕಿಂತ ಚೆನ್ನಾಗಿ ಅಧ್ಯಯನ ಮಾಡಬಹುದು. ಕೇಳಿದ್ದರೆ ಇಲಿಗೂ ನಮಗೂ ಇಬ್ಬರಿಗೂ ಉಪಕಾರವಾಗುತ್ತಿತ್ತು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅವತ್ತು ಜಕ್ಕೂರಿಗೆ ಹೋಗಲಿಲ್ಲ. ಹಸಿರು ಫೈಲು ಬೀರುವಿಗೆ ವಾಪಸ್ ಹೋಯಿತು. ಆ ಫೈಲನ್ನು ಒಳಗಿಡುವಾಗಿನ ಅಮ್ಮನ ಮುಖ ನೋಡಿದ್ದರೆ ತಲೆಬರಹ ಬರೆದವರು ಇನ್ನೊಂದು ಪದ ಸೇರಿಸುತ್ತಿದ್ದರು ಅನ್ನುವುದು ನನ್ನ ನಂಬಿಕೆ. ಬೆಟ್ಟ ಅಗೆದು ಇಲಿ ಹಿಡಿದರು ಅಂತ ಗಾದೆ ಇದೆಯಲ್ಲ, ನಮ್ಮಲ್ಲಿ ಇಲಿ ಹಿಡಿದು ಬೆಟ್ಟ ಅಗೆದೆವು ಅನ್ನುತ್ತಾರೆ. ಬೆಟ್ಟ ಇನ್ನೂ ಅಲ್ಲೇ ಇದೆ, ಅದರ ಬುಡದಲ್ಲಿ ನಮ್ಮ ಮನೆ.

ಹೋದ ತಿಂಗಳು ಚಿಕ್ಕಪ್ಪ ಮತ್ತೊಂದು ಸ್ಕ್ರೀನ್‌ಶಾಟ್ ಹಾಕಿದರು. ಈ ಸಲ ಯಾವುದೋ ಹೊರದೇಶದ ಸುದ್ದಿ. ನಾನು ಮೀಟಿಂಗಿನಲ್ಲಿದ್ದೆ, ಸಂಜೆ ಉತ್ತರ ಕೊಟ್ಟರಾಯಿತು ಅಂತ ಬಿಟ್ಟಿದ್ದೆ. ಊಟದ ಹೊತ್ತಿಗೆ ಫೋನ್ ತೆಗೆದರೆ ಅಮ್ಮನೇ ಗ್ರೂಪಿನಲ್ಲಿ ಟೈಪ್ ಮಾಡಿದ್ದಳು, ಎರಡು ಅಕ್ಷರ ತಪ್ಪಾಗಿ:

"ಇಲಿಗೋ ಮನುಶರಿಗೋ ಮೊದ್ಲು ನೋಡಿ ಹಾಕಿ."